ಒಂದೇ ಜೀನ್, ಉಲ್ಟಾ ತೊಂದರೆ: ಇನ್ನೊಂದು ಮಗುವಿನ ಮಾತ್ರೆ ನಮ್ಮ ಮಗುವಿಗೆ ಆಗುತ್ತಾ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ನಾಲ್ಕು ತುಂಬುವವರೆಗೂ ಪಟಪಟ ಮಾತಾಡುತ್ತಿದ್ದ. ಆಮೇಲೆ ಮಾತು ಕಡಿಮೆಯಾಗುತ್ತಾ ಬಂತು. ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದರೆ ಕಿವಿ ಸರಿಯಾಗಿದೆ ಅಂದರು. ನಿದ್ದೆಯಲ್ಲಿ ಫಿಟ್ಸ್ ಬಂದಿದೆ, ಅದಕ್ಕೆ ಔಷಧ ನಡೆಯುತ್ತಿದೆ. ಈಗ ಜೀನ್ ಟೆಸ್ಟ್ ರಿಪೋರ್ಟ್ ಬಂದಿದೆ. ‘ಗ್ರಿನ್2ಎ’ ಎಂಬ ಜೀನ್‌ನಲ್ಲಿ ಒಂದು ಮಿಸ್‌ಸೆನ್ಸ್ ವೇರಿಯಂಟ್ ಇದೆ, ಅದರ ಅರ್ಥ ಖಚಿತವಿಲ್ಲ ಎಂದು ಬರೆದಿದ್ದಾರೆ. ಇದೇ ಜೀನ್ ತೊಂದರೆ ಇರುವ ಬೇರೊಂದು ಮಗುವಿಗೆ ಮೆಮಂಟೀನ್ ಮಾತ್ರೆ ಕೊಟ್ಟು ಫಿಟ್ಸ್ ಕಡಿಮೆಯಾಯಿತು ಅಂತ ವಾಟ್ಸಾಪ್‌ನಲ್ಲಿ ಓದಿದೆ. ನಮ್ಮ ಭಾವ ಆ ಮಾತ್ರೆಯನ್ನು ತಂದೇಬಿಟ್ಟಿದ್ದಾರೆ. ಕೊಡಬಹುದಾ? ಇನ್ನೊಂದು ಮಾತು. ನಾನು ಸೋದರಮಾವನನ್ನೇ ಮದುವೆಯಾದವಳು. ಅದಕ್ಕೇ ಹೀಗಾಯಿತಾ? ಎರಡನೇ ಮಗುವಿಗೂ ಬರುತ್ತದಾ?
(ಒಬ್ಬ ತಾಯಿ, ಸಾಗರ)

ಉತ್ತರ: ಮೊದಲು ಮಾತ್ರೆ ವಿಷಯ ಮುಗಿಸೋಣ. ಈಗ ಕೊಡಬೇಡಿ. ಮೆಮಂಟೀನ್ ಕೆಟ್ಟ ಔಷಧ ಅಂತಲ್ಲ. ಆ ಮಗುವಿಗೆ ಅದರಿಂದ ಒಳ್ಳೆಯದಾಗಿದ್ದರೆ ಅದು ನಿಜವೇ ಇರಬಹುದು. ಆದರೆ ಅಲ್ಲಿ ಜೀನ್ ಹದಗೆಟ್ಟ ರೀತಿ ಒಂದಾದರೆ, ನಿಮ್ಮ ಮಗನಲ್ಲಿ ಅದರ ತೀರಾ ಉಲ್ಟಾ ಇರಬಹುದು. ಹಾಗಿದ್ದರೆ ಅಲ್ಲಿ ಗುಣ ಕೊಟ್ಟ ಮಾತ್ರೆಯೇ ಇಲ್ಲಿ ತೊಂದರೆ ಹೆಚ್ಚಿಸಬಹುದು. ಯಾಕೆ ಅನ್ನುವುದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ನಿಮ್ಮ ಡಾಕ್ಟರ ಹತ್ತಿರ ಮುಂದೆ ಏನು ಕೇಳಬೇಕು ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ.

ಮಿದುಳಿನಲ್ಲಿ ಒಂದು ನರಕೋಶ ಪಕ್ಕದ ಕೋಶಕ್ಕೆ ಸುದ್ದಿ ಮುಟ್ಟಿಸುವುದು ಹೆಚ್ಚಾಗಿ ರಾಸಾಯನಿಕದ ಮೂಲಕ. ‘ಏಳು, ಕೆಲಸ ಮಾಡು’ ಎಂಬ ಸುದ್ದಿ ಒಯ್ಯುವ ಮುಖ್ಯ ರಾಸಾಯನಿಕ ಗ್ಲುಟಮೇಟ್. ಅದನ್ನು ಹಿಡಿದುಕೊಳ್ಳಲು ಎದುರು ಕೋಶದ ಪೊರೆಯಲ್ಲಿ ಪ್ರೋಟೀನ್‌ಗಳಿರುತ್ತವೆ. ಅವೇ ರಿಸೆಪ್ಟರ್‌ಗಳು. ಅವುಗಳಲ್ಲಿ ಎನ್‌ಎಂಡಿಎ ರಿಸೆಪ್ಟರ್ ಅನ್ನುವುದು ಒಂದು ಬಗೆ. ನಾಲ್ಕು ತುಂಡು ಸೇರಿ, ನಡುವೆ ಒಂದು ತೂತು ಬಿಟ್ಟುಕೊಂಡು ಇದು ತಯಾರಾಗುತ್ತದೆ. ಎರಡು ತುಂಡು ಗ್ಲುಎನ್1. ಉಳಿದ ಎರಡು ಸಾಮಾನ್ಯವಾಗಿ ಗ್ಲುಎನ್2 ಗುಂಪಿನವು, ಅದರಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ರೂಪಗಳಿವೆ. ನಿಮ್ಮ ಮಗನ ರಿಪೋರ್ಟ್‌ನಲ್ಲಿರುವ ಗ್ರಿನ್2ಎ ಜೀನ್ ಈ ಗ್ಲುಎನ್2ಎ ತುಂಡಿನ ನಕ್ಷೆ. ಪ್ರೋಟೀನ್‌ನ ಮಣಿಗಳಂತಿರುವ ಅಮೈನೋ ಆಮ್ಲಗಳನ್ನು, 1464 ಆಗುವಷ್ಟು, ಸಾಲಾಗಿ ಪೋಣಿಸಿದರೆ ಆ ತುಂಡು ಸಿಗುತ್ತದೆ.

ಬ್ಯಾಂಕಿನ ಲಾಕರ್ ತೆಗೆಯಲು ನಿಮ್ಮ ಕೀ ಜೊತೆಗೆ ಬ್ಯಾಂಕಿನವರ ಕೀ ಕೂಡ ಬೇಕು, ಅಲ್ವಾ? ಈ ರಿಸೆಪ್ಟರ್ ಕೂಡ ಹಾಗೇ. ಗ್ಲುಟಮೇಟ್ ಒಂದೇ ಬಂದರೆ ತೆರೆಯುವುದಿಲ್ಲ. ಗ್ಲೈಸೀನ್ ಅಥವಾ ಡಿ-ಸೆರೀನ್ ಕೂಡ ತನ್ನ ಜಾಗದಲ್ಲಿ ಕೂತಿರಬೇಕು. ಎರಡೂ ಇದ್ದರೂ ಕೆಲಸ ಆಗಿಯೇಬಿಡುತ್ತದೆ ಅಂತಲ್ಲ. ಕೋಶ ವಿಶ್ರಾಂತಿಯಲ್ಲಿದ್ದಾಗ, ಅಂದರೆ ಒಳಗಿನ ವೋಲ್ಟೇಜ್ ಮೈನಸ್ 70 ಮಿಲಿವೋಲ್ಟ್ ಆಸುಪಾಸಿನಲ್ಲಿದ್ದಾಗ, ಒಂದು ಮೆಗ್ನೀಸಿಯಂ ಅಯಾನು, ಅಂದರೆ ವಿದ್ಯುತ್ ಹೊತ್ತ ಕಣ, ಬಂದು ಆ ತೂತಿನಲ್ಲಿ ಅಡ್ಡ ಕೂತುಬಿಡುತ್ತದೆ. ಬೇರೆ ಸುದ್ದಿಗಳೂ ಬಂದು ಕೋಶ ಆಗಲೇ ಚುರುಕಾಗಿದ್ದರೆ ಮಾತ್ರ ಅದು ಜಾಗ ಬಿಡುತ್ತದೆ. ಆಗ ಸೋಡಿಯಂ ಜೊತೆಗೆ ಕ್ಯಾಲ್ಸಿಯಂ ಕೂಡ ಒಳಗೆ ಬರುತ್ತದೆ. ಎರಡು ಕೋಶಗಳ ನಡುವಿನ ಸಂಪರ್ಕ ಗಟ್ಟಿಯಾಗಬೇಕಾ, ಸಡಿಲವಾಗಬೇಕಾ ಅನ್ನುವುದನ್ನು ಹೆಚ್ಚುಕಡಿಮೆ ಆ ಕ್ಯಾಲ್ಸಿಯಂ ತೀರ್ಮಾನಿಸುತ್ತದೆ. ಮಗು ಒಂದು ಹೊಸ ಪದ ಕಲಿಯುವುದೂ ಇಂಥ ಬದಲಾವಣೆಗಳ ಮೇಲೇ ನಿಂತಿದೆ.

ತೆರೆಯುವುದರಷ್ಟೇ ಮುಖ್ಯವಾದದ್ದು ಮುಚ್ಚುವುದು. ಹುಟ್ಟುವ ಹೊತ್ತಿಗೆ ಮಿದುಳಿನಲ್ಲಿ ಗ್ಲುಎನ್2ಬಿ ಇರುವ ರಿಸೆಪ್ಟರ್‌ಗಳೇ ಜಾಸ್ತಿ. ಗ್ಲುಟಮೇಟ್ ಹೋದ ಮೇಲೂ ಅವು ಮುಚ್ಚಲು ಕೆಲವು ನೂರು ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ಮಗು ಬೆಳೆದಂತೆ ಗ್ಲುಎನ್2ಎ ಪಾಲು ಹೆಚ್ಚುತ್ತದೆ. ಅದು ಕೆಲವೇ ಹತ್ತು ಮಿಲಿಸೆಕೆಂಡ್‌ನಲ್ಲಿ ಮುಚ್ಚಿಕೊಳ್ಳುತ್ತದೆ. ಈ ಜೀನ್‌ನ ತೊಂದರೆ ಎಷ್ಟೋ ಮಕ್ಕಳಲ್ಲಿ ಹುಟ್ಟಿದ ಕೂಡಲೇ ಕಾಣದೆ, ಮಾತು ಬಲಿಯುವ ವಯಸ್ಸಿನಲ್ಲಿ ಕಾಣಲು ಇದೂ ಒಂದು ಕಾರಣ ಇರಬೇಕು ಅಂತ ನನ್ನ ಅನಿಸಿಕೆ.

ಈಗ 1464ರಲ್ಲಿ ಒಂದು ಅಮೈನೋ ಆಮ್ಲ ಬದಲಾಯಿತು ಅಂದುಕೊಳ್ಳಿ. ವೇರಿಯಂಟ್ ಅಂದರೆ ಬದಲಾವಣೆ, ಮಿಸ್‌ಸೆನ್ಸ್ ಅಂದರೆ ಅಷ್ಟೇ, ಒಂದರ ಜಾಗದಲ್ಲಿ ಇನ್ನೊಂದು. ಅದರಿಂದ ಏನಾಗುತ್ತದೆ ಅನ್ನುವುದು ಅದು ಎಲ್ಲಿ ಬದಲಾಯಿತು ಅನ್ನುವುದರ ಮೇಲೆ ಹೋಗುತ್ತದೆ. ಎಷ್ಟೋ ಸಲ ಏನೂ ಆಗುವುದಿಲ್ಲ. ನಮ್ಮೆಲ್ಲರ ಜೀನ್‌ಗಳಲ್ಲೂ ಇಂಥ ಬದಲಾವಣೆಗಳು ರಾಶಿ ರಾಶಿ ಇವೆ.

ದಾಖಲಾದ ಎರಡು ಉದಾಹರಣೆ ಹೇಳುತ್ತೇನೆ. ಮೊದಲನೆಯದು ಎಲ್812ಎಂ. ಅಂದರೆ 812ನೇ ಜಾಗದಲ್ಲಿ ಲ್ಯೂಸೀನ್ ಹೋಗಿ ಮೆಥಿಯೋನೀನ್ ಬಂದಿದೆ. ಅಮೆರಿಕದಲ್ಲಿ ತೀರಾ ಎಳೆ ವಯಸ್ಸಿನಲ್ಲೇ ಫಿಟ್ಸ್ ಶುರುವಾಗಿ, ಯಾವ ಔಷಧಕ್ಕೂ ಬಗ್ಗದ ಒಬ್ಬ ಹುಡುಗನಲ್ಲಿ ಇದು ಸಿಕ್ಕಿತು. ಎಮೊರಿ ವಿಶ್ವವಿದ್ಯಾಲಯದ ಸ್ಟೀಫನ್ ಟ್ರೈನೆಲಿಸ್ ಅವರ ತಂಡ ಈ ರಿಸೆಪ್ಟರನ್ನು ಪರೀಕ್ಷಿಸಿ ನೋಡಿತು. ತೀರಾ ಕಡಿಮೆ ಗ್ಲುಟಮೇಟ್‌ಗೇ ಅದು ತೆರೆಯುತ್ತಿತ್ತು. ಒಮ್ಮೆ ತೆರೆದರೆ ಬೇಗ ಮುಚ್ಚುತ್ತಿರಲಿಲ್ಲ. ಮೆಗ್ನೀಸಿಯಂ ತಡೆಯೂ ಸಡಿಲವಾಗಿತ್ತು. ಒಟ್ಟಿನಲ್ಲಿ ರಿಸೆಪ್ಟರ್ ಅತಿಯಾಗಿ ಕೆಲಸ ಮಾಡುತ್ತಿತ್ತು. ಮೆಮಂಟೀನ್ ಮಾಡುವುದು ಇದರ ವಿರುದ್ಧದ ಕೆಲಸ. ತೆರೆದ ತೂತಿನೊಳಗೆ ಹೋಗಿ ಕೂತು ಅಡ್ಡಗಟ್ಟುತ್ತದೆ. ಅಮೆರಿಕದಲ್ಲಿ 2003ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ವಯಸ್ಸಾದವರ ಅಲ್‌ಝೈಮರ್ ಕಾಯಿಲೆಗೆ. ಅದನ್ನೇ ಈ ಹುಡುಗನಿಗೆ, ಬೇರೆ ಔಷಧಗಳ ಜೊತೆಗೆ, ಕೊಟ್ಟು ನೋಡಿದರು. ಫಿಟ್ಸ್ ಕಡಿಮೆಯಾದವು. 2014ರಲ್ಲಿ ಇದು ಪ್ರಕಟವಾಯಿತು. ನಿಮ್ಮ ವಾಟ್ಸಾಪ್ ಸುದ್ದಿಯ ಹಿಂದೆ ಇಂಥದ್ದೇ ಒಂದು ಕಥೆ ಇರಬಹುದು.

ಎರಡನೆಯದು ಎನ್615ಕೆ. ಇದೂ ಅದೇ ಜೀನ್, ಇದೂ ಮಗುವಿನಲ್ಲಿ ಹೊಸದಾಗಿ ಬಂದ ಬದಲಾವಣೆ. ಆದರೆ 615ನೇ ಜಾಗ ಅಂದರೆ ತೂತಿನ ತೀರಾ ಒಳಗೆ, ಮೆಗ್ನೀಸಿಯಂ ಬಂದು ಕೂರುವ ಕಡೆಯೇ. ಅಲ್ಲಿ ಆಸ್ಪರಜೀನ್ ಹೋಗಿ ಲೈಸೀನ್ ಬಂದಾಗ ಮೆಗ್ನೀಸಿಯಂಗೆ ನಿಲ್ಲಲು ಜಾಗ ಸಿಗುವುದಿಲ್ಲ, ತಡೆ ಹೋಗಿಬಿಡುತ್ತದೆ. ಇದೂ ಅತಿಯಾದ ಕೆಲಸ ತಾನೆ, ಹಾಗಾದರೆ ಮೆಮಂಟೀನ್ ಕೊಟ್ಟರಾಯಿತು ಅನ್ನಿಸುತ್ತದೆ. ಇಲ್ಲೇ ಇರುವುದು ತಮಾಷೆ. ಮೆಮಂಟೀನ್ ಕೂರುವುದೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ! ಪ್ರಯೋಗದಲ್ಲಿ ನೋಡಿದಾಗ ಈ ರಿಸೆಪ್ಟರ್ ಮೇಲೆ ಮೆಮಂಟೀನ್ ಪ್ರಭಾವವೂ ಕಡಿಮೆಯಾಗಿತ್ತು. ಅತಿಯಾಗಿ ಕೆಲಸ ಮಾಡುವ ಎಲ್ಲ ರಿಸೆಪ್ಟರ್‌ಗಳಿಗೂ ಒಂದೇ ಮಾತ್ರೆ ಅನ್ನಲು ಬರುವುದಿಲ್ಲ.

ಇನ್ನು ಮೂರನೇ ಬಗೆ. ನಿಮ್ಮ ಮಗನ ವಿಷಯದಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಇದರದ್ದೇ. ಇಲ್ಲಿ ರಿಸೆಪ್ಟರ್ ಮಂದವಾಗುತ್ತದೆ. ಕೆಲವು ಬದಲಾವಣೆಗಳಲ್ಲಿ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳದೆ ಕೋಶದ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ, ಪೊರೆಯವರೆಗೆ ಬರುವುದೇ ಇಲ್ಲ. ಕೆಲವದರಲ್ಲಿ ಪೊರೆಗೆ ಬಂದರೂ ಗ್ಲುಟಮೇಟನ್ನು ಹಿಡಿಯುವ ಜಾಗ ಕೆಟ್ಟಿರುತ್ತದೆ. ಈ ಜೀನ್‌ಗೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಇರುತ್ತವೆ. ಇನ್ನು ಕೆಲವರಲ್ಲಿ ಅದರ ಒಂದು ಪ್ರತಿಯಿಂದ ಪ್ರೋಟೀನೇ ಬರುವುದಿಲ್ಲ. ಗ್ಲುಎನ್2ಎ ಅರ್ಧಕ್ಕೆ ಇಳಿಯುತ್ತದೆ.

‘ರಿಸೆಪ್ಟರ್ ಮಂದವಾದರೆ ಮಿದುಳು ಸುಮ್ನಾಗಬೇಕಲ್ಲ, ಫಿಟ್ಸ್ ಯಾಕೆ?’ ಅಂತ ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ಮಿದುಳಿನಲ್ಲಿ ಚುರುಕುಗೊಳಿಸುವ ಕೋಶಗಳ ಜೊತೆಗೆ ತಡೆಯುವ ಕೋಶಗಳೂ ಇವೆ. ಆ ತಡೆಯುವ ಕೋಶಗಳನ್ನು ಕೆಲಸಕ್ಕೆ ಎಬ್ಬಿಸುವುದೂ ಗ್ಲುಟಮೇಟೇ. ಅವುಗಳ ಮೇಲಿನ ರಿಸೆಪ್ಟರ್ ಮಂದವಾದರೆ ಅವು ಸರಿಯಾಗಿ ಏಳುವುದಿಲ್ಲ. ತಡೆಯುವವರೇ ಮಲಗಿದರೆ ಉಳಿದ ಕೋಶಗಳು ಒಟ್ಟಿಗೇ ಸಿಡಿಯಲು ದಾರಿ ಸಿಕ್ಕಂತಾಯಿತು. ಇದೊಂದೇ ಕಾರಣ ಅಂತ ಹೇಳಲಾರೆ, ಆದರೆ ಹೆಚ್ಚಿನವರು ಕೊಡುವ ವಿವರಣೆ ಇದು.

2019ರಲ್ಲಿ ಗ್ರಿನ್2ಎ ತೊಂದರೆ ಇರುವ 248 ಜನರ ವಿವರಗಳನ್ನು ಒಟ್ಟಿಗಿಟ್ಟು ನೋಡಿದ ದೊಡ್ಡ ಅಧ್ಯಯನವೊಂದು ಬಂತು. ಅದರಲ್ಲಿ ಕಂಡದ್ದು ಸಾಕಷ್ಟು ಸ್ಪಷ್ಟವಾಗಿದೆ. ಬದಲಾವಣೆ ಪೊರೆಯನ್ನು ಹಾದುಹೋಗುವ ಭಾಗದಲ್ಲಿ ಅಥವಾ ಅದಕ್ಕೆ ಸೇರಿಕೊಂಡ ಕೊಂಡಿಯಲ್ಲಿ ಇದ್ದರೆ ಕಾಯಿಲೆ ಸಾಮಾನ್ಯವಾಗಿ ಜೋರು. ಫಿಟ್ಸ್ ಬೇಗ ಶುರುವಾಗುತ್ತದೆ, ಬೆಳವಣಿಗೆಯೂ ತುಂಬಾ ಹಿಂದೆ ಬೀಳುತ್ತದೆ. ಅಲ್ಲಿ ಹೆಚ್ಚಾಗಿ ಕಂಡದ್ದು ಅತಿಯಾಗಿ ಕೆಲಸ ಮಾಡುವ ರಿಸೆಪ್ಟರ್. ಬದಲಾವಣೆ ಪೊರೆಯ ಹೊರಗಿನ ಭಾಗದಲ್ಲಿದ್ದರೆ, ಅಥವಾ ಜೀನ್‌ನ ಒಂದು ಪ್ರತಿ ಪೂರ್ತಿ ಕೆಲಸ ನಿಲ್ಲಿಸಿದ್ದರೆ, ಕಾಯಿಲೆ ಅಷ್ಟು ತೀವ್ರವಲ್ಲ. ಮಾತಿನ ತೊಂದರೆ, ನಿದ್ದೆಯಲ್ಲಿ ಬರುವ ಫಿಟ್ಸ್, ಕಲಿಕೆಯಲ್ಲಿ ಕಷ್ಟ, ಹೀಗೆ. ಅಲ್ಲಿ ರಿಸೆಪ್ಟರ್ ಮಂದ.

ನಿಮ್ಮ ಮಗನ ಕಥೆ ಈ ಎರಡನೇ ಗುಂಪಿಗೆ ಹತ್ತಿರ ಇದೆ. ಮಾತು ಬಂದು ಹೋಗುವುದು, ಕಿವಿ ಸರಿ ಇದ್ದೂ ಮಾತು ಅರ್ಥವಾಗದಿರುವುದು, ನಿದ್ದೆಯಲ್ಲಿ ಇಇಜಿ (ತಲೆಗೆ ತಂತಿ ಹಚ್ಚಿ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಕೆಡುವುದು, ಇಷ್ಟನ್ನೂ ಸೇರಿಸಿ 1957ರಲ್ಲೇ ವಿಲಿಯಂ ಲ್ಯಾಂಡೋ ಮತ್ತು ಫ್ರಾಂಕ್ ಕ್ಲೆಫ್ನರ್ ವಿವರಿಸಿದ್ದರು. ಅವರ ಹೆಸರಲ್ಲೇ ಇದನ್ನು ಲ್ಯಾಂಡೋ-ಕ್ಲೆಫ್ನರ್ ಸಿಂಡ್ರೋಮ್ ಅನ್ನುತ್ತಾರೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಗ್ರಿನ್2ಎ ಕಾರಣ ಅಂತ 2013ರಲ್ಲಿ ಮೂರು ಬೇರೆ ಬೇರೆ ತಂಡಗಳು ಒಟ್ಟಿಗೇ ತೋರಿಸಿದವು. ಎಲ್ಲರಿಗೂ ಇದೇ ಕಾರಣ ಅಲ್ಲ, ಹೆಚ್ಚಿನ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ನಿಮ್ಮ ಮಗನಿಗೆ ಇದೇ ಸಿಂಡ್ರೋಮ್ ಅಂತ ಪತ್ರ ಓದಿ ನಾನು ಹೇಳಲಾಗುವುದಿಲ್ಲ, ನಿದ್ದೆಯ ಇಇಜಿ ನೋಡಬೇಕು. ಆದರೆ ರಿಸೆಪ್ಟರ್ ಆಗಲೇ ಮಂದವಾಗಿದ್ದರೆ, ಅದನ್ನು ಇನ್ನಷ್ಟು ಅಡ್ಡಗಟ್ಟುವ ಮೆಮಂಟೀನ್ ಯಾಕೆ ಬೇಡ ಅಂದೆ ಅನ್ನುವುದು ಈಗ ನಿಮಗೆ ಗೊತ್ತಾಗಿರಬೇಕು.

ಮಂದವಾದ ರಿಸೆಪ್ಟರ್‌ಗೆ ಬೇರೆ ದಾರಿ ಇದೆಯಾ? ಒಂದು ಪ್ರಯತ್ನ ನಡೆಯುತ್ತಿದೆ. ಲಾಕರ್‌ನ ಎರಡನೇ ಕೀ ಡಿ-ಸೆರೀನ್ ಅಂದೆನಲ್ಲ, ಅದನ್ನು ಮಿದುಳು ಎಲ್-ಸೆರೀನ್‌ನಿಂದ ತಯಾರಿಸಿಕೊಳ್ಳುತ್ತದೆ. ಪಕ್ಕದ ಜೀನ್ ಗ್ರಿನ್2ಬಿ ಮಂದವಾಗಿದ್ದ ಸ್ಪೇನ್‌ನ ಒಬ್ಬ ಹುಡುಗಿಗೆ ಎಲ್-ಸೆರೀನ್ ಕೊಟ್ಟಾಗ ಸುಧಾರಣೆ ಕಂಡಿತು ಎಂದು 2019ರಲ್ಲಿ ವರದಿಯಾಯಿತು. ಆಮೇಲೆ ಗ್ರಿನ್2ಎ ಮಂದವಾದ ಕೆಲವು ಮಕ್ಕಳಲ್ಲೂ ಪ್ರಯೋಗ ಆಗಿದೆ, ಕೆಲವರಲ್ಲಿ ನಡವಳಿಕೆ ಮತ್ತು ಫಿಟ್ಸ್ ಸುಧಾರಿಸಿವೆ. ಮಕ್ಕಳ ಸಂಖ್ಯೆ ಚಿಕ್ಕದು. ಇದನ್ನು ಓದಿ ಭಾವನವರು ನಾಳೆ ಎಲ್-ಸೆರೀನ್ ಡಬ್ಬಿ ತಂದಾರು, ದಯವಿಟ್ಟು ಬೇಡ. ಅತಿಯಾಗಿ ಕೆಲಸ ಮಾಡುವ ರಿಸೆಪ್ಟರ್ ಇದ್ದರೆ ಅದಕ್ಕೆ ಇನ್ನಷ್ಟು ಕುಮ್ಮಕ್ಕು ಕೊಟ್ಟಂತಾಗುತ್ತದೆ. ಎರಡೂ ಕಡೆ ತಪ್ಪು ಆಗಬಹುದಾದ ವಿಷಯ ಇದು.

ಹಾಗಾದರೆ ಮಂದವೋ ಜೋರೋ ಅಂತ ಹೇಗೆ ಪತ್ತೆ ಮಾಡುತ್ತಾರೆ? ಮಗುವಿನ ಮಿದುಳಿನಿಂದ ಏನನ್ನೂ ತೆಗೆಯುವುದಿಲ್ಲ, ಹೆದರಬೇಡಿ. ಆಫ್ರಿಕಾದ ಜೆನೊಪಸ್ ಎಂಬ ಕಪ್ಪೆಯ ಮೊಟ್ಟೆ ಬಳಸುತ್ತಾರೆ. ಒಂದು ಮಿಲಿಮೀಟರ್‌ಗಿಂತ ತುಸು ದೊಡ್ಡದು, ಅರ್ಧ ಕಂದು, ಅರ್ಧ ಬಿಳಿ. ಬರಿಗಣ್ಣಿಗೆ ಕಾಣುವಷ್ಟು ದೊಡ್ಡ ಒಂದೇ ಕೋಶ. ಬದಲಾದ ಜೀನ್‌ನ ಆರ್‌ಎನ್‌ಎಯನ್ನು, ಅಂದರೆ ಪ್ರೋಟೀನ್ ತಯಾರಿಸಲು ಕೋಶ ಬಳಸುವ ಅದರ ನಕಲನ್ನು, ತೆಳು ಗಾಜಿನ ಸೂಜಿಯಿಂದ ಅದರೊಳಗೆ ಚುಚ್ಚುತ್ತಾರೆ. ಗ್ಲುಎನ್1ರ ಆರ್‌ಎನ್‌ಎಯೂ ಜೊತೆಗಿರಬೇಕು, ಇಲ್ಲದಿದ್ದರೆ ರಿಸೆಪ್ಟರ್ ಪೂರ್ಣ ಆಗುವುದಿಲ್ಲ. ಕೆಲವು ದಿನ ಬಿಟ್ಟರೆ ಮೊಟ್ಟೆಯೇ ಮನುಷ್ಯರ ರಿಸೆಪ್ಟರ್ ತಯಾರಿಸಿ ತನ್ನ ಪೊರೆಯಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಎರಡು ಎಲೆಕ್ಟ್ರೋಡ್ ಇಳಿಸಿ ವೋಲ್ಟೇಜ್ ಒಂದೇ ಮಟ್ಟದಲ್ಲಿ ಹಿಡಿದು, ಗ್ಲುಟಮೇಟ್ ಹರಿಸುತ್ತಾರೆ. ಪರದೆಯ ಮೇಲಿನ ಗೆರೆ ಕೆಳಗೆ ಇಳಿಯುತ್ತದೆ. ಅಯಾನುಗಳು ಒಳಗೆ ಬರುತ್ತಿವೆ ಅಂತ ಅರ್ಥ. ಗ್ಲುಟಮೇಟ್ ಪ್ರಮಾಣವನ್ನು ಹೆಜ್ಜೆ ಹೆಜ್ಜೆಗೆ ಹೆಚ್ಚಿಸುತ್ತಾ ಹೋಗುತ್ತಾರೆ, ಆಮೇಲೆ ಮೆಗ್ನೀಸಿಯಂ ಹಾಕಿ ನೋಡುತ್ತಾರೆ. ಎಷ್ಟು ಬೇಗ ಮುಚ್ಚುತ್ತದೆ ಅನ್ನುವುದನ್ನು ಅಳೆಯಲು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕೋಶಗಳ ಮೇಲೆ ಪ್ಯಾಚ್ ಕ್ಲ್ಯಾಂಪ್ ಮಾಡುತ್ತಾರೆ, ಅಂದರೆ ತೆಳು ಗಾಜಿನ ಕೊಳವೆಯ ತುದಿಯನ್ನು ಪೊರೆಗೆ ಒತ್ತಿ ಹಿಡಿದು ವಿದ್ಯುತ್ ಹರಿವನ್ನು ಅಳೆಯುತ್ತಾರೆ. ಆ ವಿಧಾನ ರೂಪಿಸಿದ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್‌ಗೆ 1991ರಲ್ಲಿ ನೊಬೆಲ್ ಸಿಕ್ಕಿತು.

ಇದು ಆಸ್ಪತ್ರೆಯಲ್ಲಿ ದುಡ್ಡು ಕಟ್ಟಿ ಮಾಡಿಸುವ ಟೆಸ್ಟ್ ಅಲ್ಲ, ಸಂಶೋಧನೆಯ ಕೆಲಸ. ಆದರೆ ಎಷ್ಟೋ ವೇರಿಯಂಟ್‌ಗಳ ಫಲಿತಾಂಶ ಈಗಾಗಲೇ ಪ್ರಕಟವಾಗಿದೆ. ಹಾಗಾಗಿ ರಿಪೋರ್ಟ್‌ನ ಒಂದು ಸಾಲು ನಿಮಗೆ ಮುಖ್ಯ. ‘ಪಿ’ ಅಕ್ಷರ, ಒಂದು ಚುಕ್ಕೆ, ಆಮೇಲೆ ಮೂರು ಅಕ್ಷರ, ಒಂದು ಸಂಖ್ಯೆ, ಮತ್ತೆ ಮೂರು ಅಕ್ಷರ ಇರುತ್ತದೆ. ಯಾವ ಜಾಗದಲ್ಲಿ ಯಾವುದು ಹೋಗಿ ಯಾವುದು ಬಂತು ಅನ್ನುವುದು ಅದೇ. ನೀವು ಪತ್ರದಲ್ಲಿ ಅದನ್ನು ಬರೆದಿಲ್ಲ. ಜೀನ್ ಹೆಸರು ಒಂದರಿಂದ ನನಗಾಗಲಿ, ನಿಮ್ಮ ಡಾಕ್ಟರಿಗಾಗಲಿ, ವಾಟ್ಸಾಪ್‌ನಲ್ಲಿ ಬರೆದವರಿಗಾಗಲಿ ಮಾತ್ರೆ ತೀರ್ಮಾನಿಸಲು ಆಗುವುದಿಲ್ಲ.

‘ಅರ್ಥ ಖಚಿತವಿಲ್ಲ’ ಅಂದರೆ ಲ್ಯಾಬ್‌ನವರು ಜಾರಿಕೊಂಡರು ಅಂತಲ್ಲ. ವೇರಿಯಂಟ್‌ಗಳನ್ನು ಐದು ದರ್ಜೆಗಳಲ್ಲಿ ಇಡುತ್ತಾರೆ. ಒಂದು ತುದಿಯಲ್ಲಿ ಖಂಡಿತ ಕಾಯಿಲೆ ತರುವಂಥದ್ದು, ಇನ್ನೊಂದು ತುದಿಯಲ್ಲಿ ನಿರುಪದ್ರವಿ, ನಡುವೆ ಇದು. ಆರೋಗ್ಯವಂತರಲ್ಲೂ ಈ ಬದಲಾವಣೆ ಇದೆಯಾ ಅಂತ ನೋಡಲು ದೊಡ್ಡ ಡೇಟಾಬೇಸ್‌ಗಳಿವೆ. ಅವುಗಳಲ್ಲಿ ಯುರೋಪ್ ಮೂಲದವರೇ ಜಾಸ್ತಿ, ನಮ್ಮ ಕಡೆಯವರು ಕಡಿಮೆ. ನಮ್ಮಲ್ಲಿ ಸಾಮಾನ್ಯವಾಗಿರುವ ಒಂದು ನಿರುಪದ್ರವಿ ಬದಲಾವಣೆಯೂ ಅಲ್ಲಿ ಅಪರೂಪವಾಗಿ ಕಂಡು, ಈ ನಡುವಿನ ದರ್ಜೆಯಲ್ಲಿ ಉಳಿದುಬಿಡಬಹುದು. ಈ ದರ್ಜೆ ಮುಂದೆ ಬದಲಾಗುವುದೂ ಉಂಟು. ಹಾಗಾಗಿ ವರ್ಷ ಎರಡು ವರ್ಷಕ್ಕೊಮ್ಮೆ ಲ್ಯಾಬ್‌ಗೆ ಹೇಳಿ ಮತ್ತೆ ನೋಡಿಸಿ. ರಕ್ತ ಪುನಃ ಕೊಡಬೇಕಾಗಿಲ್ಲ.

ಗ್ಲುಟಮೇಟ್ ರಿಸೆಪ್ಟರ್ ಒಂದರದ್ದೇ ಕಥೆ ಅಲ್ಲ ಇದು. ಫಿಟ್ಸ್‌ಗೆ ಕಾರಣವಾದ ರಿಸೆಪ್ಟರ್ ಜೀನ್ ಮೊದಲು ಸಿಕ್ಕಿದ್ದು 1995ರಲ್ಲಿ, ರಾತ್ರಿ ನಿದ್ದೆಯಲ್ಲಿ ಫಿಟ್ಸ್ ಬರುವ ಆಸ್ಟ್ರೇಲಿಯಾದ ಒಂದು ಕುಟುಂಬದಲ್ಲಿ. ಅದು ಅಸಿಟೈಲ್‌ಕೋಲಿನ್ ಎಂಬ, ಸುದ್ದಿ ಒಯ್ಯುವ ಇನ್ನೊಂದು ರಾಸಾಯನಿಕದ ರಿಸೆಪ್ಟರ್. 2001ರಲ್ಲಿ ಅಲ್ಲಿನದೇ ಇನ್ನೊಂದು ಕುಟುಂಬದಲ್ಲಿ, ತಡೆಯುವ ಸುದ್ದಿ ಹಿಡಿಯುವ ಗ್ಯಾಬಾ ರಿಸೆಪ್ಟರ್‌ನಲ್ಲಿ ಒಂದು ಬದಲಾವಣೆ ಸಿಕ್ಕಿತು. ಒಂದೇ ಮನೆ, ಒಂದೇ ಬದಲಾವಣೆ, ಆದರೂ ಕೆಲವರಿಗೆ ಜ್ವರ ಬಂದಾಗ ಮಾತ್ರ ಫಿಟ್ಸ್, ಕೆಲವರಿಗೆ ಕ್ಷಣಕಾಲ ಮೈಮರೆಯುವ ಫಿಟ್ಸ್. ನಮ್ಮ ಬೆಂಗಳೂರಿನಲ್ಲೂ ಕೆಲಸ ಆಗಿದೆ. ಕೋಶದ ಹೊರಗಿನ ಕ್ಯಾಲ್ಸಿಯಂ ಅಳೆಯುವ ಒಂದು ರಿಸೆಪ್ಟರ್‌ಗೂ ಫಿಟ್ಸ್‌ಗೂ ನಂಟಿದೆ ಎಂದು ಜವಾಹರಲಾಲ್ ನೆಹರು ವಿಜ್ಞಾನ ಸಂಶೋಧನಾ ಕೇಂದ್ರ ಮತ್ತು ನಿಮ್ಹಾನ್ಸ್‌ನವರು ಸೇರಿ ದಕ್ಷಿಣ ಭಾರತದ ಒಂದು ಕುಟುಂಬದಲ್ಲಿ 2008ರಲ್ಲಿ ತೋರಿಸಿದರು.

ಈಗ ಮದುವೆ ವಿಷಯ. ಈ ಪ್ರಶ್ನೆ ನನಗೆ ಎಷ್ಟು ತಾಯಂದಿರು ಕೇಳಿದ್ದಾರೋ. ಮನೆಯಲ್ಲಿ ಯಾರಾದರೂ ಹಿರಿಯರು ಒಂದು ಮಾತು ಅಂದಿರುತ್ತಾರೆ, ಅದು ಮನಸ್ಸಿನಲ್ಲಿ ಕೂತಿರುತ್ತದೆ. ಸಂಬಂಧದಲ್ಲಿ ಮದುವೆಯಾದಾಗ ಹೆಚ್ಚುವುದು, ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿ ಕೆಟ್ಟರೆ ಮಾತ್ರ ಬರುವ ಕಾಯಿಲೆಗಳು. ಗ್ರಿನ್2ಎ ಸಾಮಾನ್ಯವಾಗಿ ಹಾಗಲ್ಲ. ಒಂದು ಪ್ರತಿ ಕೆಟ್ಟರೂ ಸಾಕು. ಅದು ಮಗುವಿನಲ್ಲಿ ಹೊಸದಾಗಿ ಹುಟ್ಟಿದ ಬದಲಾವಣೆಯಾಗಿರಬಹುದು, ಅಥವಾ ನಿಮ್ಮಿಬ್ಬರಲ್ಲಿ ಒಬ್ಬರಿಂದ ಬಂದಿರಬಹುದು. ನಿಮ್ಮ ಮಗನಲ್ಲಿ ಒಂದೇ ಪ್ರತಿ ಬದಲಾಗಿದ್ದರೆ, ರಿಪೋರ್ಟ್‌ನಲ್ಲಿ ‘ಹೆಟಿರೊಝೈಗಸ್’ ಅಂತ ಇರುತ್ತದೆ, ನಿಮ್ಮ ಮದುವೆಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ಆ ಹಿರಿಯರಿಗೂ ಓದಿ ಹೇಳಿ.

ಅದಕ್ಕೇ ನೀವಿಬ್ಬರೂ ರಕ್ತ ಕೊಟ್ಟು ಅದೇ ಒಂದು ಬದಲಾವಣೆಯನ್ನು ಮಾತ್ರ ನೋಡಿಸಬೇಕು. ಇಡೀ ಜೀನ್ ಟೆಸ್ಟ್ ಮಾಡಿಸುವಷ್ಟು ಖರ್ಚು ಆಗುವುದಿಲ್ಲ. ನಿಮ್ಮಿಬ್ಬರಲ್ಲೂ ಇಲ್ಲ ಅಂತಾದರೆ, ಅದು ಕಾಯಿಲೆಗೆ ಕಾರಣ ಅನ್ನುವ ಅನುಮಾನ ಗಟ್ಟಿಯಾಗುತ್ತದೆ. ಮುಂದಿನ ಮಗುವಿಗೆ ಬರುವ ಸಾಧ್ಯತೆ ಆಗ ತುಂಬಾ ಕಡಿಮೆ, ಸುಮಾರು ಶೇ. 1 ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಪೂರ್ತಿ ಸೊನ್ನೆ ಅನ್ನದಿರಲು ಕಾರಣ, ತಂದೆಯ ಅಥವಾ ತಾಯಿಯ ಕೆಲವು ಬೀಜಕೋಶಗಳಲ್ಲಿ ಮಾತ್ರ ಬದಲಾವಣೆ ಅಡಗಿರಬಹುದು. ಇಬ್ಬರಲ್ಲಿ ಒಬ್ಬರಿಗೆ ಇದೆ ಅಂತಾದರೆ ಪ್ರತಿ ಮಗುವಿಗೂ ಅದು ದಾಟುವ ಸಾಧ್ಯತೆ ಅರ್ಧಕ್ಕರ್ಧ. ದಾಟಿದರೂ ಕಾಯಿಲೆ ಬಂದೇ ಬರಬೇಕು ಅಂತಿಲ್ಲ. ಈ ಜೀನ್‌ನ ಬದಲಾವಣೆ ಇದ್ದೂ ಆರಾಮಾಗಿರುವ ತಂದೆತಾಯಂದಿರು ಇದ್ದಾರೆ.

ಜೀನ್ ವಿಷಯ ಇತ್ಯರ್ಥವಾಗುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ನಿದ್ದೆಯಲ್ಲಿ ತೆಗೆದ ಇಇಜಿ ಇಲ್ಲದಿದ್ದರೆ ಮಾಡಿಸಿ. ಎಚ್ಚರದಲ್ಲಿ ಇಇಜಿ ಚೆನ್ನಾಗಿದ್ದು ನಿದ್ದೆಯಲ್ಲಿ ತೀರಾ ಕೆಟ್ಟಿರುವುದು ಈ ಮಕ್ಕಳಲ್ಲಿ ಮಾಮೂಲಿ. ಈಗ ಯಾವ ಫಿಟ್ಸ್ ಔಷಧ ಕೊಡುತ್ತಿದ್ದೀರಿ ಅಂತ ಬರೆದಿಲ್ಲ. ಕಾರ್ಬಮಝೆಪೀನ್ ಆಗಿದ್ದರೆ ಡಾಕ್ಟರ ಹತ್ತಿರ ಒಮ್ಮೆ ಮಾತಾಡಿ, ಕೆಲವು ಮಕ್ಕಳಲ್ಲಿ ಅದು ನಿದ್ದೆಯ ಇಇಜಿಯನ್ನು ಇನ್ನೂ ಕೆಡಿಸುತ್ತದೆ. ನೀವಾಗಿಯೇ ಮಾತ್ರ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಜೋರಾಗಬಹುದು. ಮಾತಿನ ಚಿಕಿತ್ಸೆ ಈಗಲೇ ಶುರುವಾಗಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸ ಮಾಡುತ್ತಿದೆ. ಒಂದು ಸಲ ಅಲ್ಲಿ ತೋರಿಸಿ, ಮನೆಯಲ್ಲಿ ಏನು ಮಾಡಿಸಬೇಕು ಅಂತ ಹೇಳಿಸಿಕೊಂಡು ಬನ್ನಿ. ಮಾತು ಅರ್ಥವಾಗದ ಹೊತ್ತಿನಲ್ಲಿ ಚಿತ್ರ, ಕೈಸನ್ನೆ ಬಳಸಿ. ಅದರಿಂದ ಮಾತು ಇನ್ನೂ ಹಿಂದೆ ಬೀಳುತ್ತದೆ ಅನ್ನುವ ಭಯ ಬೇಡ. ಹದಿಹರೆಯಕ್ಕೆ ಬರುವ ಹೊತ್ತಿಗೆ ಈ ಬಗೆಯ ಫಿಟ್ಸ್ ಹೆಚ್ಚಿನ ಮಕ್ಕಳಲ್ಲಿ ಕಡಿಮೆಯಾಗುತ್ತದೆ. ಮಾತಿನ ತೊಂದರೆ ಮಾತ್ರ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ನಿಮ್ಮಿಬ್ಬರ ಟೆಸ್ಟ್ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಆಗ ರಿಪೋರ್ಟ್‌ನ ಆ ‘ಪಿ’ ಸಾಲನ್ನೂ, ನಿದ್ದೆಯ ಇಇಜಿ ವರದಿಯನ್ನೂ ಜೊತೆಗೆ ಕಳಿಸಿ.